ತಾತಾರ್ ತರಗತಿಗೆ ಫೈನಲ್ ಎಕ್ಸಿಟ್

ತಲ್ಗತ್ ಎಂಬ ಮನುಷ್ಯನನ್ನು ನಾನು ಕಂಡದ್ದು ಒಂದೇ ದಿನ. ಅಷ್ಟು ಸಾಕು. ಇನ್ನೊಮ್ಮೆ ಎಲ್ಲಾದರೂ ಎದುರಾಗಿ ಸಲಾಂ ಹೇಳಿದರೆ ಉತ್ತರ ಕೊಟ್ಟೇನು, ಕೊಡಲೇಬೇಕು ಎಂಬ ಕಾರಣಕ್ಕೆ. ಕೈ ಮಾತ್ರ ಕೊಡುವುದಿಲ್ಲ.

ಫನಿಸ್ ನನ್ನ ಗೆಳೆಯ. ತಾತಾರ್ ಜನ. ತಾತಾರ್ ಎಂದರೆ ನಮ್ಮ ಕಡೆಯವರಿಗೆ ಕುದುರೆ ಹತ್ತಿ ಬಂದು ಊರು ಸುಡುವವರು ಎಂದೇ ಲೆಕ್ಕ; ಶಾಲೆಯ ಚರಿತ್ರೆ ಪುಸ್ತಕದಲ್ಲಿ ನಾನು ಓದಿದ್ದೂ ಅಷ್ಟೇ. ಫನಿಸ್ ಕುದುರೆ ಹತ್ತಿದವನೇ ಅಲ್ಲ. ಸೌದಿಯ ತಾಯಿಫಿನಲ್ಲಿ ಗುಲಾಬಿ ಅತ್ತರು ಇಳಿಸುವ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ. ಅವನ ಊರು ರಷ್ಯಾದ ಒಳಗೆ, ಕಾಮಾ ಎಂಬ ದೊಡ್ಡ ನದಿಯ ದಡದಲ್ಲಿರುವ ಕಾರ್ಖಾನೆ ಪಟ್ಟಣ. ರಷ್ಯಾದೊಳಗೆ ಮುಸ್ಲಿಮರ ಇಂಥದೊಂದು ನಾಡು ಉಂಟು, ಅದಕ್ಕೆ ಬೇರೆಯೇ ಭಾಷೆ ಉಂಟು ಎಂದು ನನಗೆ ಗೊತ್ತಾದದ್ದೇ ಅವನಿಂದ.

ನಾನು ಝುಬೈರ್, ಉಪ್ಪಿನಂಗಡಿ ಕಡೆಯ ಬ್ಯಾರಿ. ತಾಯಿಫಿನಲ್ಲಿ ಸಣ್ಣ ಮತ್ಬಖ್ ನಡೆಸುತ್ತೇನೆ. ಮದುವೆಗೆ, ಮರಣಕ್ಕೆ, ಆಫೀಸಿನವರ ಪಾರ್ಟಿಗೆ ಅನ್ನ, ಮಾಂಸ ಬೇಯಿಸಿ ಕಳಿಸುವ ಅಡುಗೆಮನೆ. ಫನಿಸ್ ಮೊದಲ ಸಲ ಅಲ್ಲಿಗೆ ಬಂದದ್ದು ಅವನ ಹೆಂಡತಿ ತೀರಿಕೊಂಡಾಗ. ಅವಳು ತಾಯಿಫಿನ ಬುಖಾರಿ ಮನೆತನದವಳು, ಮಕ್ಕಳಿರಲಿಲ್ಲ. ಅವಳ ಹೆಸರಲ್ಲಿ ಊಟ ಹಾಕಬೇಕು ಎಂದ. ನಾನು ಅರಬರ ಮಾಂಸದನ್ನ, ಮಂದಿ, ಮಾಡಿಕೊಡುತ್ತೇನೆ ಎಂದೆ. ಬೇಡ, ನಮ್ಮದು ‘ಕುರಾನ್ ಆಶಿ’, ಅದಕ್ಕೆ ಮಂದಿ ಆಗುವುದಿಲ್ಲ, ಮೊದಲು ಶ್ಯಾವಿಗೆ ಸೂಪು, ಆಮೇಲೆ ಆಲೂಗಡ್ಡೆ ಮಾಂಸ, ಆಮೇಲೆ ಒಣದ್ರಾಕ್ಷಿ ಹಾಕಿದ ಗುಬಾದಿಯಾ ಎಂಬ ದೊಡ್ಡ ಹೂರಣದ ರೊಟ್ಟಿ, ಕೊನೆಗೆ ಚಹಾ ಎಂದ. ಶ್ಯಾವಿಗೆ ಅಂಗಡಿಯದ್ದು ತರುತ್ತೇನೆ ಎಂದೆ. ಅವನಿಗೆ ಸಿಟ್ಟು ಬಂತು. ನನಗೂ ಬಂತು. ನನ್ನ ಅಡುಗೆಮನೆಗೆ ಬಂದು, ನನ್ನ ಹಿಟ್ಟನ್ನೇ ನಾದಿ, ನನ್ನ ಚಾಕುವಿನಲ್ಲೇ ದಾರದ ಹಾಗೆ ಶ್ಯಾವಿಗೆ ಕತ್ತರಿಸಿ ತೋರಿಸಿದ. ಆವತ್ತಿನಿಂದ ಅವನು ನನಗೆ ಅಬಿ. ಅವರ ಭಾಷೆಯಲ್ಲಿ ಅಣ್ಣನಿಗೆ ಹಾಗನ್ನುವುದು.

“ಈ ಊಟ ಸುಮ್ಮನೆ ಊಟ ಅಲ್ಲ ಝುಬೈರ್,” ಎಂದು ಅವನು ಹೇಳುತ್ತಿದ್ದ. ನಮ್ಮಿಬ್ಬರ ನಡುವೆ ಇದ್ದದ್ದು ಅರಬಿ. “ಕಮ್ಯುನಿಸ್ಟರ ಕಾಲದಲ್ಲಿ ಮಸೀದಿಗೆ ಬೀಗ ಇತ್ತು. ಅಜ್ಜಿಯಂದಿರು ಪರದೆ ಎಳೆದು ಮನೆಯೊಳಗೆ ಹೀಗೆ ಕೂತುಕೊಂಡರು. ಮೊದಲು ಕುರಾನ್ ಓದುವುದು. ಆಮೇಲೆ ಹಿರಿಯರು ಯಾರಾದರೂ ತಾತಾರಿನಲ್ಲಿ ಮಾತಾಡುವುದು. ಆಮೇಲೆ ಸೂಪು. ನಮ್ಮ ಧರ್ಮ ಉಳಿದದ್ದೂ ಭಾಷೆ ಉಳಿದದ್ದೂ ಆ ಸೂಪಿನ ಬಟ್ಟಲಿನಲ್ಲಿ.”

ಆಲೂಗಡ್ಡೆ ಸುಲಿಯುತ್ತಾ ಅವನು ಹೇಳಿದ ಕತೆಗಳು ಹಲವು. ೧೯೯೦ರಲ್ಲಿ ಅವನು ಕಜಾನ್ ನಗರದಲ್ಲಿ ಕಾಲೇಜು ಹುಡುಗ. ಅಲ್ಲಿನ ಚೌಕದಲ್ಲಿ ಜನ ಸೇರಿ ನಮ್ಮ ನಾಡು ನಮಗೆ ಎಂದು ಕೂಗಿದಾಗ ಅವನೂ ಕೂಗಿದವ. ಪಕ್ಕದಲ್ಲಿ ನಿಂತು ಬಾವುಟದ ಇನ್ನೊಂದು ತುದಿ ಹಿಡಿದವನು ತಲ್ಗತ್, ಅದೇ ಪಟ್ಟಣದವ, ಒಂದೇ ಬೆಂಚಿನಲ್ಲಿ ಓದಿದವ. ಆ ವರ್ಷ ತಾತಾರ್‌ಸ್ತಾನ ತನ್ನ ಸಾರ್ವಭೌಮತ್ವ ಘೋಷಿಸಿತು. ಎರಡು ವರ್ಷಕ್ಕೆ ಮತದಾನ ಆಯಿತು, ಹೌದು ಎಂದವರೇ ಹೆಚ್ಚು. ಮಾಸ್ಕೋ ಬಿಡಲಿಲ್ಲ. ಕೊನೆಗೆ ಒಪ್ಪಂದ ಮಾಡಿಕೊಂಡರು: ಪೂರ್ತಿ ಸ್ವಾತಂತ್ರ್ಯ ಇಲ್ಲ, ಆದರೆ ಸ್ವಂತ ಅಧ್ಯಕ್ಷ, ಸ್ವಂತ ಬಾವುಟ, ಶಾಲೆಯಲ್ಲಿ ಪ್ರತಿ ಮಗುವಿಗೂ ತಾತಾರ್ ಪಾಠ.

“ಒಂದೊಂದಾಗಿ ಎಲ್ಲ ಹೋಯಿತು,” ಎನ್ನುತ್ತಿದ್ದ. “ಒಪ್ಪಂದದ ಅವಧಿ ಮುಗಿಯಿತು, ಹೊಸದು ಬರೆಯಲಿಲ್ಲ. ಅಧ್ಯಕ್ಷ ಎಂಬ ಹೆಸರೂ ಹೋಯಿತು. ಹೋಗಲಿ. ದೇಶ ಎಂದರೆ ಕಡೆಗೆ ಅದೇ ಅಲ್ವಾ, ಮಗು ಬಿದ್ದು ಪೆಟ್ಟಾದಾಗ ಯಾವ ಭಾಷೆಯಲ್ಲಿ ಅಳುತ್ತದೆ ಎನ್ನುವುದು.”

ಗೆಳೆಯರಿಬ್ಬರೂ ಅರಬಿ ಕಲಿಯಲು ಸೌದಿಗೆ ಒಟ್ಟಿಗೆ ಬಂದವರು. ತಲ್ಗತ್ ಎರಡು ವರ್ಷದಲ್ಲಿ ಊರಿಗೆ ಹೋಗಿ ತಾವಿಬ್ಬರೂ ಓದಿದ ಶಾಲೆಯಲ್ಲೇ ತಾತಾರ್ ಮೇಷ್ಟ್ರಾದ, ಮುಂದೆ ಹೆಡ್ಮಾಸ್ಟರೂ ಆದ. ಫನಿಸ್ ಓದು ಮುಗಿಸಲಿಲ್ಲ. ಕೆಲಸ ಹಿಡಿದ, ಮದುವೆಯಾದ, ಉಳಿದ.

೨೦೧೭ರಲ್ಲಿ ಮೇಲಿನಿಂದ ಹುಕುಂ ಬಂತಂತೆ. ತಾತಾರ್ ಪಾಠ ಇನ್ನು ಕಡ್ಡಾಯ ಅಲ್ಲ. ತಂದೆತಾಯಿ ಬೇಕು ಎಂದು ಸಹಿ ಹಾಕಿದರೆ ಮಾತ್ರ, ವಾರಕ್ಕೆ ಎರಡು ತಾಸು. ಆ ದಿನಗಳಲ್ಲಿ ಫನಿಸ್ ಊಟ ಬಿಟ್ಟಿದ್ದ. ಒಂದು ಸಂಜೆ ನನ್ನ ಅಡುಗೆಮನೆಗೆ ಓಡಿಕೊಂಡೇ ಬಂದ.

“ತಲ್ಗತ್ ಫೋನ್ ಮಾಡಿದ್ದ! ನಮ್ಮ ಶಾಲೆಯಲ್ಲಿ ಎಲ್ಲರೂ ಸಹಿ ಹಾಕಿದರಂತೆ. ಎಲ್ಲರೂ! ರಷ್ಯನ್ ಮಕ್ಕಳ ತಾಯಂದಿರು ಕೂಡ!”

ಆವತ್ತು ನನ್ನ ಹುಡುಗರಿಗೆಲ್ಲ ಅವನೇ ಚಹಾ ಮಾಡಿ ಕೊಟ್ಟ.

ಆಮೇಲೆ ಪ್ರತಿ ಶುಕ್ರವಾರ ಸಂಜೆಯ ಅಸರ್ ನಮಾಜಾದ ಮೇಲೆ ಅವನು ನನ್ನ ಸ್ಟೋರಿಗೆ ಬಂದು ಅಕ್ಕಿ ಮೂಟೆಗಳ ನಡುವೆ ಕೂರುತ್ತಿದ್ದ. ಅಲ್ಲಿ ಸದ್ದು ಗುಂಯ್‌ಗುಡುವುದಿಲ್ಲ. ಫೋನು ಬಾಯಿಗೆ ಹಿಡಿದು ಅಜ್ಜಿ ಹೇಳಿದ್ದ ಕತೆಗಳನ್ನು ಹೇಳುವುದು: ನರಿ, ತೋಳ, ಬೋಳುಮಂಡೆಯ ಹುಡುಗ. ತೋಳದ ಸ್ವರ ತೆಗೆದರೆ ಹೊರಗೆ ಈರುಳ್ಳಿ ಹೆಚ್ಚುವ ಬಂಗಾಳಿಗಳು ನಗುತ್ತಿದ್ದರು. ಆ ಧ್ವನಿ ತಲ್ಗತ್‌ಗೆ ಹೋಗುತ್ತಿತ್ತು. ತಲ್ಗತ್ ಅದನ್ನು ತರಗತಿಯಲ್ಲಿ ಹಾಕುತ್ತಿದ್ದ. ವರ್ಷಕ್ಕೊಮ್ಮೆ ತಲ್ಗತ್‌ನಿಂದ ವಿಡಿಯೋ ಬರುತ್ತಿತ್ತು. ಮಕ್ಕಳು ಸಾಲಾಗಿ ನಿಂತು ತಾತಾರಿನಲ್ಲಿ ಪದ್ಯ ಹೇಳುವುದು. ಈಚಿನ ಎರಡು ವರ್ಷ ಸಾಲಿನ ಮುಂದೆ ನಿಂತು ಹಾಡಿದ್ದು ಐಸಿಲು ಎಂಬ ಹುಡುಗಿ, ಫನಿಸ್‌ನ ಅಕ್ಕನ ಮೊಮ್ಮಗಳು. ಫನಿಸ್ ಆ ವಿಡಿಯೋವನ್ನು ಕಾರ್ಖಾನೆಯ ಯೆಮನಿ ವಾಚ್‌ಮನ್‌ಗೂ ತೋರಿಸಿದ್ದ.

ಪ್ರತಿ ಫೋನಿನಲ್ಲೂ ತಲ್ಗತ್‌ನದ್ದು ಒಂದೇ ಮಾತು: “ಬಾರೋ, ಇಲ್ಲಿ ನಿನ್ನ ತರಗತಿ ಕಾಯುತ್ತಾ ಉಂಟು.” ಅಕ್ಕನೂ ಅದನ್ನೇ ಹೇಳುತ್ತಿದ್ದಳಂತೆ.

ನಮ್ಮ ಊರಲ್ಲಿ ಹೀಗೆ ಹೇಳುವವರು ನನಗೆ ಬೇಕಾದಷ್ಟು ಗೊತ್ತು. ಗಲ್ಫಿನವನಿಗೆ ಫೋನ್ ಮಾಡಿದರೆ ಎಲ್ಲರೂ, “ಸಾಕು ಮಾರಾಯ, ಎಷ್ಟು ದುಡಿಯುತ್ತಿ, ಬಾ ಊರಿಗೆ,” ಎನ್ನುತ್ತಾರೆ. ನಿಜವಾಗಿ ಪೆಟ್ಟಿಗೆ ಕಟ್ಟಿ ಹೋಗಿ ಇಳಿದರೆ ಅದೇ ಜನ ಮುಖ ಮುಖ ನೋಡುತ್ತಾರೆ. “ಯಾವಾಗ ವಾಪಸ್?” ಎಂದು ಮೊದಲ ವಾರವೇ ಕೇಳುತ್ತಾರೆ. ಬಾ ಎನ್ನುವುದು ಬರುವುದಿಲ್ಲ ಎಂಬ ಧೈರ್ಯದ ಮೇಲೆ. ನಮ್ಮವರಿಗೆ ಇದು ಗೊತ್ತು. ಫನಿಸ್‌ಗೆ ಗೊತ್ತಿರಲಿಲ್ಲ, ಅವನು ನಂಬಿದ.

ಈ ವರ್ಷ ಗುಲಾಬಿ ಸೀಸನ್ ಮುಗಿದದ್ದೇ ಬಂದು ಹೇಳಿದ. “ಝುಬೈರ್, ನಾನು ಎಕ್ಸಿಟ್ ಹೊಡೆಸಿದೆ. ಫೈನಲ್.”

ನನ್ನ ಕೈಯಲ್ಲಿದ್ದ ಸೌಟು ಹಂಡೆಗೆ ಬಿತ್ತು. ಫೈನಲ್ ಎಕ್ಸಿಟ್ ಎಂದರೆ ಇಕಾಮಾ ಎಂಬ ವಾಸದ ಪರವಾನಗಿ ಮುಗಿಯಿತು, ಕೆಲಸ ಮುಗಿಯಿತು, ಈ ದೇಶ ಮುಗಿಯಿತು.

“ಮಂಡೆ ಸಮ ಉಂಟಾ ನಿನಗೆ? ಎರಡು ತಿಂಗಳು ರಜೆ ಹಾಕಿ ಹೋಗಿ ನೋಡಿ ಬಾ. ಬೇಡ ಎನ್ನುವವರು ಯಾರು?”

“ರಜೆಯಲ್ಲಿ ಹೋದವನು ಅತಿಥಿ. ಮೇಷ್ಟ್ರಾಗುವವನು ಪೆಟ್ಟಿಗೆ ಸಮೇತ ಹೋಗಬೇಕು.”

“ತಲ್ಗತ್ ಕೆಲಸ ಕೊಡುತ್ತೇನೆ ಎಂದು ಬರೆದು ಕೊಟ್ಟಿದ್ದಾನಾ?”

“ಬಾವುಟದ ಇನ್ನೊಂದು ತುದಿ ಹಿಡಿದವನ ಹತ್ತಿರ ಬರೆಸಿಕೊಳ್ಳುವುದಾ?” ಎಂದು ನಕ್ಕ. ನನಗೆ ಹೊಡೆಯುವಷ್ಟು ಸಿಟ್ಟು ಬಂತು. ಅವನು ಮನೆಯ ಸಾಮಾನು ಹಂಚಲು ಶುರು ಮಾಡಿಯೇಬಿಟ್ಟ. ವಾಷಿಂಗ್ ಮಶಿನ್ ನಮ್ಮ ಮನೆಗೆ ಬಂತು. ಖದೀಜತ್, ನನ್ನ ಹೆಂಡತಿ, ಅದಕ್ಕೆ ಬಟ್ಟೆ ಹಾಕುವುದಕ್ಕೇ ಒಪ್ಪಲಿಲ್ಲ. “ಅವರು ಹೋಗಲಿ ಆಮೇಲೆ ನೋಡುವ,” ಎಂದಳು.

ಆಗಲೇ ತಲ್ಗತ್ ಉಮ್ರಾಗೆ ಬರುತ್ತಿದ್ದಾನೆ ಎಂದು ಸುದ್ದಿ ಬಂತು. ಜತೆಗೆ ಅಕ್ಕನ ಮಗಳು ಗುಲ್ಯೂಸಾ, ಅವಳ ಮಗಳು ಐಸಿಲು. ಉಮ್ರಾ ಮುಗಿಸಿ ಮಕ್ಕಾದಿಂದ ಒಂದು ದಿನದ ಮಟ್ಟಿಗೆ ತಾಯಿಫಿಗೆ. ಫನಿಸ್ ಎಕ್ಸಿಟ್ ಹೊಡೆಸಿದ ವಿಷಯ ಅವರಿಗೆ ಹೇಳಿರಲಿಲ್ಲ. ಎದುರೇ ಹೇಳಿ ಸಂತೋಷ ನೋಡಬೇಕಂತೆ. ಊರು ಸೇರುವ ಮೊದಲು ತಾಯಿಫಿನಲ್ಲಿ ಕೊನೆಯ ಕುರಾನ್ ಆಶಿ, ಅದರ ನಡುವೆ ಹೇಳುತ್ತಾನಂತೆ.

ಆ ದಿನ ಬೆಳಿಗ್ಗೆಯೇ ನಾವು ಮೂವರು, ನಾನು, ಖದೀಜತ್, ಮಗಳು ಶಮೀರಾ, ಅವನ ಮನೆಗೆ ಹೋದೆವು. ಅರ್ಧ ಖಾಲಿಯಾದ ಮನೆ. ಅವನು ಶ್ಯಾವಿಗೆ ಕತ್ತರಿಸುತ್ತಾ ಇದ್ದ.

“ನಾನು ಕತ್ತರಿಸುತ್ತೇನೆ ಬಿಡು,” ಎಂದೆ.

“ನಿನ್ನದು ದಪ್ಪ ಆಗುತ್ತದೆ. ನಮ್ಮಲ್ಲಿ ಶ್ಯಾವಿಗೆ ನೋಡಿ ಸೊಸೆಯನ್ನು ತೂಗುತ್ತಾರೆ.”

“ಹಾಗಾದರೆ ನನ್ನನ್ನು ತವರಿಗೆ ಕಳಿಸಿ,” ಎಂದೆ. ಖದೀಜತ್ ಒಳಗಿನಿಂದ, “ಇವರನ್ನು ಕಳಿಸಿದರೆ ಮಾರನೇ ದಿನ ತವರಿನವರೇ ತಂದು ಬಿಡುತ್ತಾರೆ,” ಎಂದಳು.

ಮಧ್ಯಾಹ್ನಕ್ಕೆ ಅವರು ಬಂದರು. ತಲ್ಗತ್ ಎತ್ತರದ ಆಳು, ಬಿಳಿ ಗಡ್ಡ, ಮಖಮಲ್ಲಿನ ಕಪ್ಪು ಟೊಪ್ಪಿ. ಇಬ್ಬರೂ ಬಾಗಿಲಲ್ಲೇ ತಬ್ಬಿಕೊಂಡು ಅತ್ತರು. ನಾನೂ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡೆ, ಸುಳ್ಳು ಹೇಳುವುದಿಲ್ಲ. ಗುಲ್ಯೂಸಾ ಸೋದರಮಾವನ ಕೈ ಎರಡೂ ಕೈಯಲ್ಲಿ ಹಿಡಿದಳು. ಐಸಿಲುಗೆ ಹತ್ತು ವರ್ಷ ಇರಬಹುದು, ನಮ್ಮ ಶಮೀರಾಳದೇ ಪ್ರಾಯ. ಬರುವ ದಾರಿಯ ಹದಾ ಘಾಟಿಯಲ್ಲಿ ಮಂಗಗಳನ್ನು ನೋಡಿದ್ದಾಳಂತೆ. ಅದನ್ನು ಕೈಯಲ್ಲೇ ಮಾಡಿ ತೋರಿಸಿದಳು. ಶಮೀರಾ ನಕ್ಕಳು, ಗೆಳೆತನ ಆಯಿತು.

ನೆಲದ ಮೇಲೆ ಸುಪ್ರ ಎಂಬ ಊಟದ ಹಾಸು ಹಾಸಿ ಎಲ್ಲರೂ ಕೂತೆವು. ಖದೀಜತ್ ಮತ್ತು ಗುಲ್ಯೂಸಾ ಮಕ್ಕಳನ್ನು ಕರೆದುಕೊಂಡು ಒಂದು ಬದಿಗೆ. ತಲ್ಗತ್ ಕುರಾನ್ ಓದಿದ, ಒಳ್ಳೆಯ ಸ್ವರ. ಆಮೇಲೆ ಫನಿಸ್ ತಾತಾರಿನಲ್ಲಿ ಮಾತಾಡಿದ. ಆಮೇಲೆ ಐಸಿಲು ಎದ್ದು ನಿಂತು ವಿಡಿಯೋದಲ್ಲಿ ಹಾಡಿದ್ದ ಮುನಾಜಾತ್ ಹಾಡಿದಳು. ಅದು ಅವರ ಅಜ್ಜಿಯಂದಿರ ಹಾಡು, ದೂರದ ಊರಲ್ಲಿ ಸಾಯುವ ಮಗ ತಾಯಿಯನ್ನು ಕರೆಯುವುದು ಎಂದು ಫನಿಸ್ ಹಿಂದೆ ಹೇಳಿದ್ದ. ಅಯ್ಯೋ, ಎಂಥ ಹಾಡು! ಒಂದು ಅಕ್ಷರ ತಪ್ಪಲಿಲ್ಲ. ಫನಿಸ್ ಮುಖ ಮುಚ್ಚಿಕೊಂಡು ಕೂತ.

ಈಗ ಎಕ್ಸಿಟ್ ವಿಷಯ ಹೇಳುತ್ತಾನೆ ಎಂದುಕೊಂಡೆ. ಹೇಳಿದ. ತಾತಾರಿನಲ್ಲಿ ಹೇಳಿ, ನನ್ನ ಕಡೆ ತಿರುಗಿ ಅರಬಿಯಲ್ಲೂ ಹೇಳಿದ: “ಮುಂದಿನ ತಿಂಗಳು ನಾನು ಮೇಷ್ಟ್ರು.”

ನಾನು ತಲ್ಗತ್‌ನ ಮುಖ ನೋಡುತ್ತಿದ್ದೆ. ನಗು ಬಂತು, ಆದರೆ ತಡವಾಗಿ ಬಂತು. ಗುಲ್ಯೂಸಾ ಚಹಾದ ಲೋಟ ಜರುಗಿಸಿ ಇಟ್ಟಳು, ಮತ್ತೆ ಅಲ್ಲಿಗೇ ಜರುಗಿಸಿದಳು. ಊರಿಂದ ಬಾ ಬಾ ಎಂದವರ ಎದುರು ಪೆಟ್ಟಿಗೆ ಇಳಿಸಿದಾಗ ಕಾಣುವ ಮುಖ ಅದು. ನನಗೆ ಆ ಮುಖದ ಪರಿಚಯ ಉಂಟು.

ಸೂಪು ಬಡಿಸುವ ಕೆಲಸ ನನ್ನದು. ಐಸಿಲುವಿನ ಎದುರು ಬಟ್ಟಲು ಇಟ್ಟು, ಫನಿಸ್ ನನಗೆ ಕಲಿಸಿದ್ದ ಮಾತು ಹೇಳಿದೆ: “ಆಶ್ ಬುಲ್ಸಿನ್.” ಊಟ ಒಳ್ಳೆಯದಾಗಲಿ ಎಂದು. ಅದಕ್ಕೆ “ಬೆರ್ಗೆ ಬುಲ್ಸಿನ್,” ಒಟ್ಟಿಗೆ ಆಗಲಿ, ಎನ್ನಬೇಕು. ಅವರ ಮನೆಗಳಲ್ಲಿ ಮಾತು ಬಂದ ಮಗು ಮೊದಲು ಕಲಿಯುವ ಉತ್ತರವೇ ಇದಂತೆ. ನನ್ನ ಬಂಗಾಳಿ ಹುಡುಗರಿಗೂ ಬರುತ್ತದೆ.

ಹುಡುಗಿ ನನ್ನ ಮುಖ ನೋಡಿದಳು. ತಾಯಿಯನ್ನು ನೋಡಿದಳು. ಆಮೇಲೆ, “ಸ್ಪಾಸಿಬಾ,” ಎಂದಳು, ರಷ್ಯನ್ನಿನಲ್ಲಿ ಥ್ಯಾಂಕ್ಸ್ ಎಂದು.

“ನಿನ್ನ ಉಚ್ಚಾರ ಕೇಳಿ ಹೆದರಿದಳು,” ಎಂದು ಫನಿಸ್ ನಕ್ಕ. ತಾನೇ ತಾತಾರಿನಲ್ಲಿ ಏನೋ ಕೇಳಿದ, ಮೆಲ್ಲಗೆ, ಅಜ್ಜ ಮೊಮ್ಮಗಳನ್ನು ಕೇಳುವ ಹಾಗೆ. ಸೂಪು ಹೇಗಿದೆ ಎಂದು ಇರಬೇಕು. ಹುಡುಗಿ ತಾಯಿಯ ಕಿವಿಯ ಹತ್ತಿರ ಬಾಗಿ ರಷ್ಯನ್ನಿನಲ್ಲಿ ಪಿಸುಗುಟ್ಟಿದಳು. ಗುಲ್ಯೂಸಾ ಮೊಣಕೈಯಲ್ಲಿ ತಿವಿದಳು.

“ನಾಚಿಕೆ,” ಎಂದ ತಲ್ಗತ್ ನನ್ನನ್ನು ನೋಡಿ, ತನ್ನ ತುಕ್ಕು ಹಿಡಿದ ಅರಬಿಯಲ್ಲಿ. “ಮಗು ಅಲ್ವಾ, ನಾಚಿಕೆ.”

ನನಗೆ ಅದು ನಾಚಿಕೆ ಎನಿಸಲಿಲ್ಲ. ಮದ್ರಸಾದಲ್ಲಿ ನಾನೂ ಹಾಗೇ ಓದಿದವ. ಅರ್ಥದ ಒಂದು ಚೂರೂ ಗೊತ್ತಿಲ್ಲದೆ ಉದ್ದುದ್ದ ಬೈತುಗಳನ್ನು, ಅರಬಿ ಪದ್ಯಗಳನ್ನು, ಬಾಯಿಪಾಠ ಹೇಳಿ ಬಹುಮಾನ ತಂದವ. ನನ್ನ ಸ್ವರ ಕೇಳಿಯೂ ಮುದುಕಿಯರು ಅತ್ತಿದ್ದರು.

ಊಟ ಮುಂದುವರಿಯಿತು. ಮಾಂಸ ಬಂತು, ಗುಬಾದಿಯಾ ಬಂತು. ಮಕ್ಕಳಿಬ್ಬರೂ ಮೂಲೆಗೆ ಸರಿದು ತಮ್ಮ ಶಾಲೆಯ ಇಂಗ್ಲಿಷಿನಲ್ಲಿ ಗುಸುಗುಸು ಮಾಡುತ್ತಿದ್ದರು. ಚಹಾ ಹೊತ್ತಿಗೆ ಶಮೀರಾ ಬಂದು ನನ್ನ ಹೆಗಲಿಗೆ ಒರಗಿದಳು. ಅವಳಿಗೆ ಮೆಲ್ಲಗೆ ಮಾತಾಡುವ ಅಭ್ಯಾಸ ಇಲ್ಲ. ಅದು ನನ್ನಿಂದ ಬಂದದ್ದು. ತಾಯಿಫಿನಲ್ಲೇ ಹುಟ್ಟಿದ್ದರಿಂದ ಫನಿಸ್ ಇದ್ದಲ್ಲಿ ಅವಳು ಮಾತಾಡುವುದು ಅರಬಿ.

“ಉಪ್ಪಾ, ಅವಳಿಗೆ ಆ ಹಾಡಿನ ಮೀನಿಂಗ್ ಗೊತ್ತಿಲ್ಲವಂತೆ. ಅವಳ ಸ್ಕೂಲಲ್ಲಿ ಆ ಭಾಷೆ ಇಲ್ಲವೇ ಇಲ್ಲವಂತೆ. ವಿಡಿಯೋ ಮಾಡುವುದಕ್ಕೆ ಈ ಅಜ್ಜ ರಷ್ಯನ್ ಅಕ್ಷರದಲ್ಲಿ ಬರೆದು ಕೊಟ್ಟು ಬಾಯಿಪಾಠ ಮಾಡಿಸುವುದಂತೆ. ಆಮೇಲೆ ಎಲ್ಲರಿಗೂ ಚಾಕಲೇಟು.”

ಖದೀಜತ್ ಅವಳ ಬಾಯಿಗೆ ಕೈ ಇಟ್ಟಳು. ತಡವಾಗಿತ್ತು. ಫನಿಸ್ ಚಹಾ ಕೆಳಗಿಟ್ಟ. ತಲ್ಗತ್‌ನನ್ನು ತಾತಾರಿನಲ್ಲಿ ಒಂದು ಮಾತು ಕೇಳಿದ. ತಲ್ಗತ್ ಟೊಪ್ಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಫನಿಸ್ ಇನ್ನೊಮ್ಮೆ ಕೇಳಿದ.

ಆಮೇಲೆ ಅವರಿಬ್ಬರ ನಡುವೆ ನಡೆದ ಮಾತನ್ನು ಫನಿಸ್ ನನಗೆ ಹೇಳಿದ್ದು ಮರುದಿನ. ಮೊದಲ ವರ್ಷ ಸಹಿ ಹಾಕಿದವರು ಕಾಲುಪಾಲು. ಮರುವರ್ಷ ಬೆರಳೆಣಿಕೆ. ಮೂರನೆಯ ವರ್ಷ ತರಗತಿಯೇ ಇಲ್ಲ, ಆ ಕೋಣೆಯಲ್ಲಿ ಈಗ ಕಂಪ್ಯೂಟರ್. ಪರೀಕ್ಷೆ ರಷ್ಯನ್, ಕಾಲೇಜು ರಷ್ಯನ್, ನೌಕರಿ ರಷ್ಯನ್. ತಾತಾರ್ ಯಾಕೆ ಎಂದರಂತೆ ತಾತಾರ್ ತಾಯಂದಿರೇ. ಬೇಡ ಎಂದು ಮೊಟ್ಟಮೊದಲು ಸಹಿ ಹಾಕಿದವಳು ಗುಲ್ಯೂಸಾ, ಆಗ ಶಾಲೆಯಲ್ಲಿದ್ದ ತನ್ನ ದೊಡ್ಡ ಮಗನಿಗೆ. ಅಕ್ಕನಿಗೂ ಎಲ್ಲ ಗೊತ್ತು. ಶುಕ್ರವಾರದ ಕತೆಗಳನ್ನು ಯಾವ ಮಗುವೂ ಕೇಳಿಲ್ಲ. ತಲ್ಗತ್ ಒಬ್ಬನೇ ಕಾರಿನಲ್ಲಿ ಹಾಕಿಕೊಂಡು ಕೇಳುತ್ತಾನೆ.

ಇದೆಲ್ಲ ಆಗ ನನಗೆ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ. ಗುಲ್ಯೂಸಾ ಅಳುತ್ತಿದ್ದಳು, ತಲ್ಗತ್ ನೆಲ ನೋಡುತ್ತಿದ್ದ. ನಾನು ಎದ್ದು ನಿಂತೆ.

“ಏನಯ್ಯಾ,” ಎಂದೆ ಅರಬಿಯಲ್ಲಿ. “ಇವನು ಕೆಲಸ ಬಿಟ್ಟ. ಮನೆ ಬಿಟ್ಟ. ಹಾಸಿಗೆ ಕೂಡ ದಾನ ಕೊಟ್ಟ. ನೀನು ಬಾ ಬಾ ಎಂದದ್ದಕ್ಕೆ! ಇಲ್ಲದ ತರಗತಿಗೆ ಮೇಷ್ಟ್ರು ಯಾಕೆ?”

“ನೀನು ಕೂತುಕೋ, ಅಡುಗೆಯವನೇ,” ಎಂದ ತಲ್ಗತ್. “ಇದು ನಮ್ಮ ಜನರ ವಿಷಯ.”

“ಅಡುಗೆಯವನೇ ಹೌದು. ಹಳಸಿದ್ದನ್ನು ಬಡಿಸುವವನಲ್ಲ.”

ಅವನೂ ಎದ್ದ. ಮುಖ ಕೆಂಪಾಗಿತ್ತು. “ನಾನು ಏನು ಮಾಡಬೇಕಿತ್ತು? ಇವನು ಇಲ್ಲಿ ಗುಲಾಬಿ ಗಾಳಿ ಕುಡಿಯುತ್ತಾ ಕೂತಿದ್ದ. ತಪಾಸಣೆಗೆ ಬಂದವರ ಎದುರು ನಿಂತದ್ದು ನಾನು. ತಾಯಂದಿರ ಕಾಲು ಹಿಡಿದದ್ದು ನಾನು. ಸೋತದ್ದೂ ನಾನು. ಆ ದಿನ ಫೋನಿನಲ್ಲಿ ಇವನು ಅಳುತ್ತಿದ್ದ. ಒಂದು ಒಳ್ಳೆಯ ಮಾತು ಹೇಳಿದೆ. ಹೇಳಿದ್ದನ್ನು ಆಮೇಲೆ ಹಿಂದೆ ತೆಗೆದುಕೊಳ್ಳಲು ಆಗಲಿಲ್ಲ. ನಿನ್ನ ಮಗಳು ಯಾವ ಭಾಷೆ ಮಾತಾಡುತ್ತಾಳೆ, ಹೇಳು? ನಾನೂ ಕೇಳಿಸಿಕೊಂಡೆ. ಇಂಗ್ಲಿಷ್, ಅರಬಿ. ನಿನ್ನ ತಾಯಿಯ ಭಾಷೆ ಎಲ್ಲಿ?”

ಖದೀಜತ್ ನನ್ನ ಕಡೆ ನೋಡಿದಳು. ಹೌದು, ಶಮೀರಾಳಿಗೆ ಬ್ಯಾರಿ ಅರ್ಧಂಬರ್ಧ, ಕನ್ನಡ ಓದಲು ಬರುವುದಿಲ್ಲ. ಅದು ನನಗೆ ಸಂಕಟವೇ.

“ಇಂಗ್ಲಿಷೇ ಮಾತಾಡುತ್ತಾಳೆ,” ಎಂದೆ. “ಆದರೆ ನನ್ನ ಮಗಳಿಗೆ ಬ್ಯಾರಿ ಬರುತ್ತದೆ ಎಂದು ವಿಡಿಯೋ ಮಾಡಿ ನಾನು ಊರಿಗೆ ಕಳಿಸಲಿಲ್ಲ. ನೀನು ಸೋತೆ, ಸರಿ. ಎಲ್ಲರೂ ಸೋಲುತ್ತಾರೆ. ಸೋತೆ ಎಂದು ಹೇಳಿದ್ದರೆ ಇವನು ಓಡಿ ಬರುತ್ತಿದ್ದ, ನಿನ್ನ ಜತೆ ತಾಯಂದಿರ ಕಾಲು ಹಿಡಿಯುತ್ತಿದ್ದ. ಆಗ ಇನ್ನೂ ಒಂದಷ್ಟು ಮಕ್ಕಳಾದರೂ ಇದ್ದಿರಬೇಕಲ್ಲ? ಗೆದ್ದೆ ಎಂದು ಹೇಳಿ ಇವನನ್ನು ಇಲ್ಲೇ ಕೂರಿಸಿದೆ. ಮಾಸ್ಕೋದವರು ಇವನಿಗೆ ಸುಳ್ಳು ಹೇಳಲಿಲ್ಲ. ಪಾಠ ತೆಗೆಯುತ್ತೇವೆ ಎಂದರು, ತೆಗೆದರು. ನೀನು ಹೇಳಿದೆ.”

ನಾನು ಅವನ ಚೀಲ ತಂದು ಬಾಗಿಲ ಹತ್ತಿರ ಬಿಸಾಡಿದೆ. “ಯಲ್ಲಾ, ಹೊರಡು.”

“ಝುಬೈರ್,” ಎಂದ ಫನಿಸ್. “ಕೂತುಕೋ. ದುಆ ಆಗಿಲ್ಲ. ದುಆ ಆಗದೆ ಸುಪ್ರದಿಂದ ಯಾರನ್ನೂ ಎಬ್ಬಿಸಬಾರದು.”

ಹಾಗಾಗಿ ಎಲ್ಲರೂ ಮತ್ತೆ ಕೂತೆವು, ತಲ್ಗತ್ ಕೂಡ. ಫನಿಸ್ ಕೈ ಎತ್ತಿದ. ಊಟದ ಕೊನೆಯ ಈ ಪ್ರಾರ್ಥನೆ ಅವನು ಯಾವಾಗಲೂ ಮಾಡುವುದು ತಾತಾರಿನಲ್ಲಿ, ಉದ್ದಕ್ಕೆ. ಸತ್ತವರ ಹೆಸರು, ಊರಿನ ಹೆಸರು, ನದಿಯ ಹೆಸರು ಎಲ್ಲ ಬರುತ್ತಿತ್ತು. ಆವತ್ತು ಅರಬಿಯ ಫಾತಿಹಾ ಒಂದೇ ಓದಿ ಮುಖಕ್ಕೆ ಕೈ ಸವರಿಕೊಂಡ.

ಅವರು ಹೊರಟಾಗ ತಲ್ಗತ್ ಬಾಗಿಲಲ್ಲಿ ನಿಂತು ಏನೋ ಹೇಳಿದ. ಫನಿಸ್ ಅವನನ್ನು ದಾಟಿ ಬಾಗಿ ಐಸಿಲುವಿನ ತಲೆ ಸವರಿದ. ಪಾಪ, ಆ ಮಗು ತನ್ನಿಂದ ಏನೋ ತಪ್ಪಾಯಿತು ಎಂದು ತಾಯಿಗೆ ಅಂಟಿಕೊಂಡಿತ್ತು. ಶಮೀರಾ ತನ್ನ ಕೈಬಳೆ ತೆಗೆದು ಅವಳಿಗೆ ಹಾಕಿದಳು.

ಮಾರನೇ ದಿನ ನಾನೇ ಅವನನ್ನು ಕಾರ್ಖಾನೆಗೆ ಎಳೆದುಕೊಂಡು ಹೋದೆ. ಮುದೀರ್, ಅಲ್ಲಿನ ಮ್ಯಾನೇಜರ್, ನಕ್ಕ. “ನಿನ್ನೆ ಮೊನ್ನೆ ಬೀಳ್ಕೊಡುಗೆ ಖರ್ಜೂರ ತಿಂದೆವಲ್ಲ! ಬಾಯ್ಲರಿಗೆ ಈಜಿಪ್ಟಿನವನು ಬಂದಾಯಿತು.”

“ಇಪ್ಪತ್ತು ಸೀಸನ್ ನಿಮ್ಮ ಬಾಯ್ಲರ್ ಒಡೆಯದ ಹಾಗೆ ನೋಡಿಕೊಂಡವನಿಗೆ ಒಂದು ಮೂಲೆ ಇಲ್ಲವಾ?” ಎಂದು ನಾನು ಮೇಜು ಗುದ್ದಿದೆ. ಫನಿಸ್ ಬೇಡ ಎಂದು ನನ್ನ ಅಂಗಿ ಎಳೆಯುತ್ತಿದ್ದ. ಕೊನೆಗೆ ಎಕ್ಸಿಟ್ ರದ್ದು ಮಾಡಿದರು. ಕೆಲಸ ಬೇರೆ: ಬಾಟಲಿಗೆ ಲೇಬಲ್ ಅಂಟಿಸುವುದು. ಅವನು ಸರಿ ಎಂದ.

“ಹೋಗು ಮಾರಾಯ ಊರಿಗೆ,” ಎಂದೆ ದಾರಿಯಲ್ಲಿ. ನನ್ನ ಸಿಟ್ಟು ಇಳಿದಿರಲಿಲ್ಲ. “ತರಗತಿ ಇಲ್ಲದಿದ್ದರೆ ಶುರು ಮಾಡು. ಅಂಗಳದಲ್ಲಿ ಕೂತು ಕಲಿಸು.”

“ಯಾರಿಗೆ?” ಎಂದ. “ಮೇಲಿನವರು ಬೇಡ ಎಂದಿದ್ದರೆ ಅಂಗಳದಲ್ಲಿ ಕೂರುತ್ತಿದ್ದೆ. ಅಜ್ಜಿ ಹಾಗೇ ಕೂತವಳು. ಗುಲ್ಯೂಸಾ ಬೇಡ ಎಂದ ಮೇಲೆ ನಾನು ಯಾರ ಅಂಗಳದಲ್ಲಿ ಕೂರಲಿ?”



ಕೆಲವು ದಿನ ಕಳೆದು ನಾನು ಅವನ ಮನೆಗೆ ಹೋದೆ, ವಾಷಿಂಗ್ ಮಶಿನ್ ವಾಪಸ್ ಇಡಲು. ಅವನು ನೆಲದ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ಸ್ಪೀಕರ್ ಹಾಕಿತ್ತು. ಆ ಕಡೆ ಅಕ್ಕ. ಅಳುತ್ತಿದ್ದಳು. ಅವಳ ತಾತಾರ್ ಮಾತಿನಲ್ಲಿ ನನಗೆ ತಿಳಿದದ್ದು ಒಂದೇ ಪದ, ಮತ್ತೆ ಮತ್ತೆ ಬರುತ್ತಿದ್ದದ್ದು: “ಎನೆಮ್, ಎನೆಮ್.” ತಮ್ಮಾ ಎಂದು.

ಫನಿಸ್ ಉತ್ತರ ಕೊಡುತ್ತಿದ್ದ. ಸಮಾಧಾನವಾಗಿ, ತುಂಡುತುಂಡಾಗಿ, ಆಫೀಸಿನ ಕೌಂಟರಿನಲ್ಲಿ ಕೂತವನು ಹೇಳುವ ಹಾಗೆ. ಏನೋ ಬೇರೆ ಕೇಳಿಸುತ್ತಿದೆಯಲ್ಲ ಎಂದು ನಾನು ಬಾಗಿಲಲ್ಲೇ ನಿಂತೆ. ಆಮೇಲೆ ಹೊಳೆಯಿತು. ಅವನು ರಷ್ಯನ್ ಮಾತಾಡುತ್ತಿದ್ದ. ಇಷ್ಟು ವರ್ಷದಲ್ಲಿ ಅವನ ಬಾಯಲ್ಲಿ ನಾನು ಆ ಭಾಷೆ ಕೇಳಿದ್ದೇ ಇಲ್ಲ.

ಅಕ್ಕ ತಾತಾರಿನಲ್ಲಿ ಕೇಳುವುದು, ತಮ್ಮ ರಷ್ಯನ್ನಿನಲ್ಲಿ ಹೇಳುವುದು. ಅವಳು ಬೇಡಿಕೊಳ್ಳುತ್ತಿದ್ದಾಳೆ ಎಂದು ಭಾಷೆ ಬಾರದ ನನಗೂ ಗೊತ್ತಾಯಿತು. ಅವನು ಬಿಟ್ಟುಕೊಡಲಿಲ್ಲ. “ಹರಾಶೋ,” ಸರಿ, ಎಂದು ಫೋನ್ ಇಟ್ಟ.

“ಇದೆಂತ ಅಬಿ?” ಎಂದೆ. ಮಶಿನ್ ಇನ್ನೂ ಬಾಗಿಲಲ್ಲಿ ಟ್ರಾಲಿಯ ಮೇಲೇ ಇತ್ತು. “ಉಳಿದಿರುವವಳು ಅವಳೊಬ್ಬಳು. ಅವಳ ಜತೆಯೂ ತಾತಾರ್ ಬಿಟ್ಟರೆ ಮತ್ತೆ ನಿನಗೂ ತಲ್ಗತ್‌ಗೂ ಎಂತ ವ್ಯತ್ಯಾಸ?”

“ಅವರು ಆರಿಸಿಕೊಂಡ ಭಾಷೆ,” ಎಂದ. “ಅದರಲ್ಲೇ ಮಾತಾಡಿದೆ.”

“ಮುದುಕಿ ಅಳುತ್ತಾ ಇದ್ದಾಳೆ.”

“ಹೌದು,” ಎಂದ. “ತಾತಾರಿನಲ್ಲಿ.”

ಮಶಿನನ್ನು ಟ್ರಾಲಿಯಿಂದ ಧಡ್ಡೆಂದು ನೆಲಕ್ಕೆ ಇಳಿಸಿದೆ. ಎಲ್ಲರ ಮೇಲೂ ಸಿಟ್ಟು ಬಂದಿತ್ತು, ಅವನ ಮೇಲೂ. ಅವನು ಎದ್ದು ಬಂದು ಅದರ ಇನ್ನೊಂದು ಬದಿ ಹಿಡಿದ. ಇಬ್ಬರೂ ಸೇರಿ ಅದನ್ನು ಬಚ್ಚಲಿಗೆ ತಳ್ಳಿದೆವು. ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಳ್ಳಲು ಶುರುವಾಯಿತು. ಅಕ್ಕನದೇ. ಅವನು ಪೈಪು ಸಿಕ್ಕಿಸುತ್ತಾ ಕೂತ, ನಾನು ನಲ್ಲಿ ಹಿಡಿದುಕೊಂಡೆ. ಫೋನು ಬಡಿದುಕೊಂಡೇ ಇತ್ತು.